ಅಮ್ಮಿ, ಮೊಲೆ, ಎದೆಹಾಲು: ಹಾಲೂಡುವ ಮಾತಿನ ಔಚಿತ್ಯ (ರಬಕವಿ ಪರಿಸರವನ್ನು ಅನುಲಕ್ಷಿಸಿ)

ಪುರಂದರದಾಸರ (1484–1564) ಕೀರ್ತನೆಗಳಲ್ಲಿ ‘ಗುಮ್ಮನ ಕರೆಯದಿರೆ’ ಎಂಬುದು ನಾಡಿನ ಮನೆಮನೆಗಳಿಗೆ ಪರಿಚಿತವಾದ ರಚನೆ. ಗುಮ್ಮನನ್ನು ಕರೆಯುವೆನೆಂದು ಹೆದರಿಸುವ ತಾಯಿಯ ಮುಂದೆ ಬಾಲಕೃಷ್ಣನು ಒಂದರ ಹಿಂದೆ ಒಂದರಂತೆ ಮಾತು ಕೊಡುತ್ತ ಹೋಗುತ್ತಾನೆ. ಆ ಮಾತುಗಳ ಆರಂಭದಲ್ಲಿಯೇ ಎರಡು ಎಳೆಯ ಪದಗಳು ಬಂದಿವೆ: ಒಂದು ಅಮ್ಮಿ, ಇನ್ನೊಂದು ಮಮ್ಮು. ಅಮ್ಮಿ ಎಂದರೆ ತಾಯಿಯ ಮೊಲೆ, ಅದರ ಹಾಲು. ಮಮ್ಮು ಎಂದರೆ ಅನ್ನ. ಮೊದಲನೆಯದರ ಹಟ ಬಿಟ್ಟು ಎರಡನೆಯದಕ್ಕೆ ಒಪ್ಪಿಕೊಳ್ಳುವುದು ಮಗುವಿನ ಕರಾರು. ಭಕ್ತಿಯ ಆವರಣವನ್ನು ತುಸು ಸರಿಸಿ ನೋಡಿದರೆ ಇದು ಮೊಲೆ ಬಿಡಿಸುವ ವಯಸ್ಸಿನ ಕೂಸಿನ ಮಾತೆಂಬುದು ಸ್ಪಷ್ಟವಾಗುತ್ತದೆ. ವಯಸ್ಕರು ಈ ಹಾಡನ್ನು ಸಭೆಗಳಲ್ಲಿ ಹಾಡುತ್ತಾರೆ, ವಯಸ್ಕರೇ ಕುಳಿತು ಕೇಳುತ್ತಾರೆ. ಅಮ್ಮಿ ಎಂಬ ಪದದಿಂದ ಹಾಡಿನ ಘನತೆಗೆ ಯಾವ ಕುಂದೂ ಬಂದಿಲ್ಲ.

ಇದೇ ಪದವನ್ನು, ಅಥವಾ ಇದರ ಇಂದಿನ ನಗರದ ಪರ್ಯಾಯಗಳಾದ ‘ದುದ್ದು’, ‘ಮಿಲ್ಕಿ’ ಮೊದಲಾದವುಗಳನ್ನು, ವಯಸ್ಕರೊಬ್ಬರು ಬಾಣಂತಿಯನ್ನು ಕುರಿತು ಆಡಿದಾಗ ಪರಿಸ್ಥಿತಿ ಬೇರೆಯಾಗುತ್ತದೆ. ಕೇಳುವ ತಾಯಿಗೆ ಕಸಿವಿಸಿಯಾಗುತ್ತದೆ. ಕೆಲವರಿಗೆ ಹೇಸಿಕೆಯೂ ಆಗುತ್ತದೆ. ಇಂಗ್ಲಿಷ್ ಬಳಸುವ ನಾಡುಗಳಲ್ಲಿ ‘ಬೂಬಿ’, ‘ನರ್ಸೀಸ್’, ‘ನಮ್ ನಮ್’ ಎಂಬ ಮುದ್ದುಮಾತುಗಳ ಬಗೆಗೂ ಇಂಥ ಅಸಮಾಧಾನ ಕೇಳಿಬರುತ್ತದೆ. ಹಾಗಾದರೆ ದೋಷ ಪದದಲ್ಲಿದೆಯೇ, ಅದನ್ನು ಆಡುವ ಬಾಯಿಯಲ್ಲಿದೆಯೇ, ಕೇಳುವ ಕಿವಿಯಲ್ಲಿದೆಯೇ? ಪ್ರಶ್ನೆ ಮೇಲ್ನೋಟಕ್ಕೆ ಕ್ಷುಲ್ಲಕವೆನಿಸಬಹುದು. ಆದರೆ ಕೂಸಿಗೆ ಏನನ್ನು ಉಣಿಸಲಾಗುತ್ತಿದೆ ಎಂಬುದನ್ನು ಕೇಳಿ ತಿಳಿಯಬೇಕಾದ ಸಂದರ್ಭಗಳಲ್ಲಿ ಪದದ ಆಯ್ಕೆಯ ಪರಿಣಾಮ ಶಿಷ್ಟಾಚಾರದ ಮಿತಿಯನ್ನು ಮೀರುತ್ತದೆ.

ಬಾಲಭಾಷೆಯ ಪದಗಳನ್ನು ಮಕ್ಕಳು ಸೃಷ್ಟಿಸುತ್ತಾರೆಂಬುದು ಸಾಮಾನ್ಯ ನಂಬಿಕೆ. ಭಾಷಾವಿಜ್ಞಾನ ಇದನ್ನು ಅರ್ಧ ಮಾತ್ರ ಒಪ್ಪುತ್ತದೆ. ‘ಮಾಮಾ’, ‘ಪಾಪಾ’ ಎಂಬ ಪದಗಳು ಲೋಕದ ಇಷ್ಟೊಂದು ಭಾಷೆಗಳಲ್ಲಿ ಏಕಿವೆ ಎಂಬ ಪ್ರಶ್ನೆಗೆ ರೋಮನ್ ಯಾಕಬ್ಸನ್ 1960ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಕೊಟ್ಟ ವಿವರಣೆ ಇಲ್ಲಿ ಸ್ಮರಣೀಯ. ಮೊಲೆಗೆ ತುಟಿಯೊತ್ತಿ ಹಾಲು ಕುಡಿಯುವ ಕೂಸಿಗೆ ಹೊರಡಿಸಲು ಸಾಧ್ಯವಿರುವ ಧ್ವನಿ ಮೂಗಿನಿಂದ ಬರುವ ಮೆಲುಗುನುಗು ಒಂದೇ. ಮುಂದೆ ಅದೇ ಗುನುಗು ಹಸಿವಿನ ಸೂಚನೆಯಾಗಿ, ಉಣಿಸುವವಳ ಹೆಸರಾಗಿ ಬೆಳೆಯುತ್ತದೆ ಎಂಬುದು ಅವರ ವಾದ. ಅಮ್ಮ, ಅಮ್ಮಿ, ಮಮ್ಮು ಮೂರರಲ್ಲಿಯೂ ಇರುವ ಮಕಾರಕ್ಕೆ ಈ ವಿವರಣೆ ಹೊಂದುತ್ತದೆ. ಆದರೆ ಆ ಗುನುಗಿಗೆ ಪದದ ರೂಪ ಕೊಟ್ಟು, ತಲೆಮಾರಿನಿಂದ ತಲೆಮಾರಿಗೆ ದಾಟಿಸುವವರು ಹಿರಿಯರೇ. ಚಾರ್ಲ್ಸ್ ಫರ್ಗ್ಯುಸನ್ 1964ರಲ್ಲಿ ಆರು ಭಾಷೆಗಳ ಬಾಲಭಾಷೆಯನ್ನು ಹೋಲಿಸಿ ತೋರಿಸಿದ್ದು ಇದನ್ನೇ: ಬಾಲಭಾಷೆ ಸಮಾಜದ ಹಿರಿಯರು ಕಾಪಾಡಿಕೊಂಡು ಬಂದ, ಆಯಾ ಭಾಷೆಗೆ ವಿಶಿಷ್ಟವಾದ ಒಂದು ಮಾತಿನ ಬಗೆ. ಆ ಆರು ಭಾಷೆಗಳಲ್ಲಿ ಮರಾಠಿಯೂ ಒಂದು. ಅದೇ ವರ್ಷ ಅಶೋಕ ಕೇಳಕರರು ಮರಾಠಿಯ ಬಾಲಭಾಷೆಯನ್ನು ಕುರಿತು ಪ್ರತ್ಯೇಕ ಪ್ರಬಂಧವನ್ನೇ ಪ್ರಕಟಿಸಿದರು. ರಬಕವಿಯ ನೆರೆಯ ಭಾಷೆಗೆ ಅರ್ಧ ಶತಮಾನಕ್ಕೂ ಹಿಂದೆ ದೊರೆತ ಈ ಗೌರವವನ್ನು ಇಲ್ಲಿ ಬೇಕೆಂದೇ ಎತ್ತಿ ಹೇಳಬೇಕಾಗಿದೆ. ಕನ್ನಡದ ತೊಟ್ಟಿಲಮಾತು ಸೀಮೆ ಸೀಮೆಗೆ ಬೇರೆಯಾಗಿದ್ದು, ಅದಕ್ಕೂ ಅಂಥ ಶ್ರಮ ಸಲ್ಲಬೇಕು.

ಅಮ್ಮಿ ಎಂಬುದು ಕನ್ನಡದ ಒಂಟಿ ಪದವಲ್ಲ. ಮಲಯಾಳದಲ್ಲಿ ಎಳೆಯರ ಮಾತಿನ ‘ಅಮ್ಮಿಞ್ಞ’ ಇದೆ. ತಮಿಳಿನಲ್ಲಿ ‘ಅಮ್ಮಂ’ ಇದೆ. ಈ ತಮಿಳು ಪದಕ್ಕೆ ಪೆರಿಯಾಳ್ವಾರರ ತಿರುಮೊಳಿಯೇ ಸಾಕ್ಷಿ. ಅಲ್ಲಿಯ ಒಂದು ಪದ್ಯಗುಚ್ಛದಲ್ಲಿ ಯಶೋದೆ ಕೃಷ್ಣನ ಅತಿಮಾನುಷ ಲೀಲೆಗಳನ್ನು ಕಂಡು, ಇಂಥವನಿಗೆ ಅಮ್ಮಂ ಕೊಡಲು ತನಗೆ ಭಯವಾಗುತ್ತದೆಂದು ಪಲ್ಲವಿಯಲ್ಲಿ ಮತ್ತೆ ಮತ್ತೆ ಹೇಳುತ್ತಾಳೆ. ಅದೇ ಕೃತಿಯ ಇನ್ನೊಂದು ಗುಚ್ಛದಲ್ಲಿ ಬಂದು ಮೊಲೆಯುಣ್ಣು ಎಂದು ಅವಳು ಮಗನನ್ನು ಕರೆಯುವಾಗ ಬಳಕೆಯಾಗಿರುವುದು ‘ಮುಲೈ’ ಎಂಬ ನೇರವಾದ ಪದ. ಒಬ್ಬನೇ ಕವಿ, ಒಬ್ಬಳೇ ತಾಯಿ, ಒಂದೇ ಮಗು. ಆದರೂ ಎರಡು ಪದಗಳು. ಮುದ್ದಿನ ಪದವಿದ್ದರೆ ನೇರ ಪದ ಅಸಭ್ಯವಾಗಲೇಬೇಕು ಎಂಬ ಇಂದಿನ ತರ್ಕ ಆ ಕವಿಗೆ ತಿಳಿದಿರಲಿಲ್ಲ. ಪುರಂದರದಾಸರಲ್ಲಿ ಎಳೆಯ ಪದ ಮಗುವಿನಿಂದ ತಾಯಿಗೆ ಹರಿಯುತ್ತದೆ, ಪೆರಿಯಾಳ್ವಾರರಲ್ಲಿ ತಾಯಿಯಿಂದ ಮಗುವಿಗೆ. ಎರಡೂ ಕಡೆ ಆ ಪದದ ಆವರಣದಲ್ಲಿ ಇರುವವರು ಇಬ್ಬರೇ. ಉಳಿದವರು ಹೊರಗೆ ನಿಂತು ಕೇಳಿಸಿಕೊಳ್ಳುವವರು.

ವಯಸ್ಕರು ವಯಸ್ಕರೊಡನೆ ಆಡುವ ಮಾತಿಗೆ ಬಂದರೆ ಕನ್ನಡ ಸಾಹಿತ್ಯ ಬೇರೆಯ ನಿದರ್ಶನಗಳನ್ನು ಒದಗಿಸುತ್ತದೆ. ಧರೆ ಹತ್ತಿ ಉರಿಯುವ, ಬೇಲಿಯೇ ಹೊಲ ಮೇಯುವ ಆಪತ್ತುಗಳ ಸಾಲಿನಲ್ಲಿ ಬಸವಣ್ಣನವರು ನಂಜಾಗುವ ತಾಯಿಯ ಹಾಲನ್ನೂ ನೆನೆಯುತ್ತಾರೆ. ಅಲ್ಲಿ ಪ್ರಯೋಗವಾಗಿರುವ ಪದ ‘ಮೊಲೆವಾಲು’. ಯಾರಿಗೆ ದೂರಬೇಕೆಂಬ ಆ ವಚನದ ಸಂಕಟ ತೀವ್ರವಾಗುವುದೇ ಈ ಪದದ ನೇರವಂತಿಕೆಯಿಂದ. ಜೇಡರ ದಾಸಿಮಯ್ಯನ ಪ್ರಸಿದ್ಧ ವಚನವೊಂದು ಹೆಣ್ಣು ಗಂಡೆಂಬ ಭೇದವನ್ನು ದೇಹದ ಲಕ್ಷಣಗಳಲ್ಲಿ ನಿಲ್ಲಿಸಿ, ಆತ್ಮಕ್ಕೆ ಅದು ಅನ್ವಯಿಸದೆಂದು ಸಾರುತ್ತದೆ. ಅಲ್ಲಿಯೂ ಹೆಣ್ಣಿನ ಲಕ್ಷಣವನ್ನು ಹೇಳುವ ಪದ ಮೊಲೆಯೇ. ದಾಸಿಮಯ್ಯ ನೇಕಾರ. ದೇವಾಂಗ, ಹಟಗಾರ, ಕುರುಹಿನಶೆಟ್ಟಿ ಮೊದಲಾದ ನೇಕಾರ ಸಮುದಾಯಗಳು ನೆಲೆಸಿರುವ ರಬಕವಿ–ಬನಹಟ್ಟಿಯಲ್ಲಿ ಆತನ ಹೆಸರು ಆದರದ್ದು. (ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಒಬ್ಬರೇ, ಇಬ್ಬರೇ ಎಂಬ ವಿವಾದಕ್ಕೆ ಇಲ್ಲಿ ಪ್ರವೇಶವಿಲ್ಲ.) ಆತನನ್ನು ಕುಲದ ಹಿರಿಯನೆಂದು ನೆನೆಯುವ ಮನೆಗಳಲ್ಲಿಯೇ ಆತನ ವಚನದ ಪದವೊಂದನ್ನು ಮಕ್ಕಳೆದುರು ಉಚ್ಚರಿಸಲು ಇಂದು ಸಂಕೋಚವಾಗುವುದಾದರೆ, ಬದಲಾದುದು ಪದವಲ್ಲ.

‘ಗೋವಿನ ಹಾಡು’ ಇನ್ನೂ ಹೆಚ್ಚು ಜನರ ನಾಲಗೆಯ ಮೇಲಿರುವ ಉದಾಹರಣೆ. ಹುಲಿಯ ಬಳಿಗೆ ಮರಳಲು ಹೊರಟ ಪುಣ್ಯಕೋಟಿಯೆದುರು ಕರು ಗೋಳಿಡುವಾಗ ಮೊಲೆಯ ಪದ ನೇರವಾಗಿಯೇ ಬರುತ್ತದೆ. ಈ ಹಾಡನ್ನು ಶಾಲೆಯಲ್ಲಿ ಕಲಿತು, ತರಗತಿಯಲ್ಲಿ ಎದ್ದು ನಿಂತು ಹಾಡಿದ ಮಕ್ಕಳ ಎಷ್ಟೋ ತಲೆಮಾರುಗಳಿವೆ. ಇಲ್ಲಿ ಮಾತನಾಡುವುದು ಎಳೆಯ ಕರು. ಆದರೂ ಜನಪದ ಕವಿ ಅದರ ಬಾಯಿಗೆ ಅಮ್ಮಿಯನ್ನಾಗಲಿ ಮಮ್ಮುವನ್ನಾಗಲಿ ಇಡಲಿಲ್ಲ. ಮುದ್ದಿನ ಪದವನ್ನು ಅಲ್ಲಿಟ್ಟಿದ್ದರೆ ಕರುವಿನ ದುಃಖ ತಮಾಷೆಯ ಕಡೆಗೆ ಜಾರುತ್ತಿತ್ತು. ಪುರಂದರದಾಸರಲ್ಲಿ ಕೇಳುಗನು ಮುಗುಳ್ನಗಬೇಕು, ಆದ್ದರಿಂದ ಅಮ್ಮಿ; ಗೋವಿನ ಹಾಡಿನಲ್ಲಿ ಕೇಳುಗನು ಅಳಬೇಕು, ಆದ್ದರಿಂದ ಮೊಲೆ. ಎಳೆಯ ಪದ ಮಗುವಿನ ಬಾಯಲ್ಲಿ ಸಹಜ ಎಂಬಷ್ಟಕ್ಕೇ ನಿಲ್ಲುವ ವಿಮರ್ಶೆಗೆ ಈ ಕರುವಿನ ಮಾತು ಒಂದು ತಿದ್ದುಪಡಿ.

ಆಸ್ಥಾನದ ಪರಂಪರೆ ಇನ್ನೊಂದು ದಾರಿ ಹಿಡಿಯಿತು. ರಬಕವಿಗೆ ಸಮೀಪದ ಮುಧೋಳದವನಾದ ರನ್ನನ ಕಾಲದ, ಹತ್ತನೆಯ ಶತಮಾನದ ಚಂಪೂ ಪರಂಪರೆಯಲ್ಲಿ ಸ್ತ್ರೀವರ್ಣನೆಗೆ ಕುಚ, ಸ್ತನ, ಪಯೋಧರ ಎಂಬ ಸಂಸ್ಕೃತ ಪದಗಳು ಬಳಕೆಯಲ್ಲಿದ್ದವು. ಇವುಗಳಲ್ಲಿ ಪಯೋಧರ ಎಂಬ ಪದದ ಗತಿ ವಿಚಿತ್ರವಾದದ್ದು. ಪಯಸ್ಸು ಎಂದರೆ ಹಾಲು, ನೀರು. ಅದನ್ನು ಧರಿಸಿದ್ದು ಪಯೋಧರ, ಎಂದರೆ ಮೋಡ ಇಲ್ಲವೇ ಮೊಲೆ. ಹಾಲನ್ನು ಹೆಸರಿನಲ್ಲಿಯೇ ಹೊತ್ತ ಈ ಪದ ಹಾಲೂಡುವ ತಾಯಿಯ ಪ್ರಸಂಗಕ್ಕಿಂತ ಹೆಚ್ಚಾಗಿ ಶೃಂಗಾರದ ಪ್ರಸಂಗಕ್ಕೆ ಮೀಸಲಾಯಿತು. ನೋಡುವ ಗಂಡಿನ ಕಣ್ಣಿಗೆ ಸಂಸ್ಕೃತದ ಪದ, ಕುಡಿಯುವ ಕೂಸಿನ ಬಾಯಿಗೆ ದೇಸಿಯ ಪದ ಎಂಬ ಈ ಹಂಚಿಕೆ ಬಹುಕಾಲ ನಡೆಯಿತು. ಆಧುನಿಕ ಕಾಲದಲ್ಲಿ ಅದು ಬುಡಮೇಲಾದುದು ಕುತೂಹಲಕರ. ಇಂದು ಸಂಸ್ಕೃತದ ‘ಸ್ತನ’ ವೈದ್ಯಕೀಯ ಗಾಂಭೀರ್ಯವನ್ನು ಪಡೆದಿದೆ. ಕೂಸಿಗೆ ಸೇರಿದ್ದ ‘ಮೊಲೆ’ ಶೃಂಗಾರದ, ಅದಕ್ಕಿಂತ ಕೆಳಗಿನ ಬೈಗುಳದ ಪದವೆಂಬ ಅಪಕೀರ್ತಿಗೆ ಗುರಿಯಾಗಿದೆ.

ಈ ಹಿನ್ನೆಲೆಯಲ್ಲಿ ರಬಕವಿಯ ಮಾತನ್ನು ಪರಿಶೀಲಿಸಬೇಕು. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಿನ ಈ ಊರು ಸ್ವಾತಂತ್ರ್ಯಪೂರ್ವದಲ್ಲಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ನೆರೆಯ ಜಮಖಂಡಿ ಪಟವರ್ಧನರ ಇನ್ನೊಂದು ಶಾಖೆಯ, ಮುಧೋಳ ಘೋರ್ಪಡೆಯವರ ಆಳ್ವಿಕೆಯಲ್ಲಿದ್ದವು. 1948ರ ವಿಲೀನದ ಬಳಿಕ ಮುಂಬಯಿ ಪ್ರಾಂತಕ್ಕೂ, 1956ರಲ್ಲಿ ಮೈಸೂರು ರಾಜ್ಯಕ್ಕೂ ಸೇರಿ, 1997ರಲ್ಲಿ ಹೊಸ ಬಾಗಲಕೋಟೆ ಜಿಲ್ಲೆಯ ಭಾಗವಾಯಿತು. ಆಡಳಿತದ ಮರಾಠಿ, ಮನೆಯ ಕನ್ನಡ, ಪೇಟೆಯ ದಖನಿ ಉರ್ದು ಮೂರೂ ಇಲ್ಲಿ ಒಂದರ ಮೇಲೊಂದು ಹರಿದಿವೆ. ಆದ್ದರಿಂದ ಪುರಂದರದಾಸರ ಅಮ್ಮಿ ಇಲ್ಲಿಗೆ ಬಂದಾಗ ಬೇರೆ ಅರ್ಥದೊಡನೆ ಡಿಕ್ಕಿ ಹೊಡೆಯುತ್ತದೆ. ಮೈಸೂರು ಸೀಮೆಯ ಮನೆಗಳಲ್ಲಿ ಅಮ್ಮಿ ಎಂದರೆ ಮೊಲೆಹಾಲು; ರಬಕವಿಯ ಓಣಿಯಲ್ಲಿ ಉರ್ದು ಮನೆಮಾತಿನ ಮಕ್ಕಳು ‘ಅಮ್ಮೀ’ ಎಂದು ಕೂಗಿದರೆ ಹೊರಗೆ ಬರುವವಳು ತಾಯಿ. ಕನ್ನಡ ಮನೆಯ ತಾಯಿ ಇಲ್ಲಿ ಅವ್ವ. ಬೆಂಗಳೂರಿನಲ್ಲಿ ಸಿದ್ಧವಾದ ಶಿಶುಪಾಲನೆಯ ಹೊತ್ತಗೆಯೊಂದು ಆಪ್ತವಾಗಿರಲೆಂದು ‘ಅಮ್ಮಿ’ ಎಂದು ಬಳಸಿದರೆ ಅದು ಈ ಭಾಗದ ಓದುಗಳಿಗೆ ಆಪ್ತವಾಗುವುದಕ್ಕಿಂತ ಗೊಂದಲವನ್ನೇ ಹೆಚ್ಚು ಉಂಟುಮಾಡುತ್ತದೆ. ಮುದ್ದಿನ ಪದಗಳಿಗೆ ಇರುವ ವ್ಯಾಪ್ತಿ ಒಂದು ಸೀಮೆಯದು, ಹಲವೊಮ್ಮೆ ಒಂದೇ ಮನೆಯದು.

ಈ ಭಾಗದ ಆಡುಮಾತಿನಲ್ಲಿ ಎಕಾರಾಂತ ಪದಗಳು ಇಕಾರಾಂತವಾಗುವುದರಿಂದ ಮೊಲೆ ‘ಮೊಲಿ’ಯಾಗುತ್ತದೆ, ಎದೆ ‘ಎದಿ’ಯಾಗುತ್ತದೆ. ಹೆಂಗಸರು ತಮ್ಮ ತಮ್ಮಲ್ಲಿ ಮಾತನಾಡುವಾಗ ಮೊಲಿ ಕುಡಿಯುವ ಕೂಸು, ಮೊಲಿ ಬಿಡಿಸುವುದು ಎಂಬ ಪ್ರಯೋಗಗಳು ಸಹಜವಾಗಿ ಬರುತ್ತವೆ. ಬೇವಿನ ರಸ ಹಚ್ಚಿ ಮೊಲಿ ಬಿಡಿಸುವ ಉಪಾಯ, ಹಾಲು ಇಳಿಯಲೆಂದು ಬಾಣಂತಿಗೆ ಕೊಡುವ ಸಬ್ಬಸಗಿ, ಅಳವಿಯ ಪಾಯಸ, ಎದಿಯಲ್ಲಿ ಹಾಲು ಕಟ್ಟಿದಾಗಿನ ಬಾಧೆ, ಇವೆಲ್ಲ ಬಾಣಂತಿಕೋಣೆಯ ಮಾತುಗಳು. ಅಲ್ಲಿ ಹಿರಿಯಳಿಂದ ಕಿರಿಯಳಿಗೆ ತಿಳಿವಳಿಕೆ ದಾಟುತ್ತದೆ. ತಿಳಿವಳಿಕೆ ದಾಟಬೇಕಾದಲ್ಲಿ ಮುದ್ದು ಮಾಡುವುದಕ್ಕೆ ಅವಕಾಶವಿಲ್ಲ. 1931ರಲ್ಲಿ ಹಲಸಂಗಿ ಗೆಳೆಯರು ಪ್ರಕಟಿಸಿದ ‘ಗರತಿಯ ಹಾಡು’ ಮೊದಲಾಗಿ ಉತ್ತರ ಕರ್ನಾಟಕದ ತ್ರಿಪದಿ ಸಂಗ್ರಹಗಳಲ್ಲಿ ತೊಟ್ಟಿಲ ಕೂಸನ್ನು ಕುರಿತ ಭಾಗಗಳು ಹೇರಳವಾಗಿವೆ.ಅಲ್ಲಿ ಪ್ರೀತಿಯ ಮಾತುಗಳ ಸುರಿಮಳೆ ಕೂಸಿನ ಮೇಲೆ: ಕಂದಯ್ಯ, ಬಾಲಯ್ಯ ಎಂಬ ಸಂಬೋಧನೆಗಳು, ಹೋಲಿಕೆಗಳು. ಮುದ್ದಾಗಬೇಕಾದುದು ಮಗು, ಮೊಲೆಯಲ್ಲ, ಎಂಬ ವಿವೇಕ ಆ ಗರತಿಯರಿಗಿತ್ತು.

ಗಂಡಸರ ಎದುರಿನಲ್ಲಿ ಏನು ಎಂಬ ಪ್ರಶ್ನೆ ಉಳಿಯುತ್ತದೆ. ಮಗ್ಗದ ಮನೆಯಲ್ಲಿ ಇದು ದಿನನಿತ್ಯದ ಪ್ರಶ್ನೆ. ಕುಣಿಮಗ್ಗವಿದ್ದ ಮನೆಯಲ್ಲಿ ಕೆಲಸದ ಜಾಗ, ವಾಸದ ಜಾಗ ಎಂಬ ಭೇದ ತೀರ ಕಡಿಮೆ. ಗಂಡಸು ಮಗ್ಗದಲ್ಲಿ, ಹೆಂಗಸು ಕಂಡಿಕೆ ಸುತ್ತುತ್ತ, ಕೂಸು ಪಕ್ಕದ ಜೋಳಿಗೆಯಲ್ಲಿ. ಕೂಸು ಅತ್ತಾಗ ಮಾವನೋ ಹಿರಿಯ ಮೈದುನನೋ ಸೊಸೆಗೆ ಹೇಳುವ ಮಾತು ಇಷ್ಟೇ: ‘ಯವ್ವಾ, ಕೂಸು ಅಳಾಕತ್ತೈತಿ, ತಗೋವಾ.’ ಸೊಸೆಯೂ ‘ಕೂಸಿಗೆ ಕುಡಿಸಿ ಬರ್ತೀನ್ರಿ’ ಎನ್ನುತ್ತಾಳೆ. ಈ ಎರಡೂ ವಾಕ್ಯಗಳಲ್ಲಿ ಮೊಲೆಯೂ ಇಲ್ಲ, ಹಾಲೂ ಇಲ್ಲ, ಅಮ್ಮಿಯೂ ಇಲ್ಲ. ಕರ್ಮಪದವನ್ನು ಬಿಟ್ಟು ಕ್ರಿಯಾಪದವೊಂದನ್ನೇ ನಿಲ್ಲಿಸುವ ಈ ಉಪಾಯ ಮರಾಠಿಯ ‘ಪಾಜಣೆ’ಯಲ್ಲಿಯೂ ಇದೆ, ಕೂಸಿಗೆ ‘ಪಾಜ’ ಎಂದರೆ ಏನನ್ನು ಎಂದು ಯಾರೂ ಕೇಳುವುದಿಲ್ಲ. ಇದು ಮರೆಮಾಚುವಿಕೆ ಎಂದು ಆಕ್ಷೇಪಿಸಬಹುದು. ಆದರೆ ಇಂಥ ಲೋಪಕ್ಕೂ ಮುದ್ದುಮಾತಿಗೂ ದೊಡ್ಡ ಅಂತರವಿದೆ. ಲೋಪವು ಕೇಳುವವಳನ್ನು ತಿಳಿದವಳೆಂದು ಭಾವಿಸುತ್ತದೆ, ಅವಳ ಮರ್ಯಾದೆಯನ್ನೂ ಹೇಳುವವನ ಮರ್ಯಾದೆಯನ್ನೂ ಕಾಯುತ್ತದೆ. ಮುದ್ದುಮಾತು ಅವಳನ್ನು ಕೂಸಿನ ಮಟ್ಟಕ್ಕೆ ಇಳಿಸಿ ಮಾತನಾಡಿಸುತ್ತದೆ.

ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆ ಇಲ್ಲಿ ಉಪಯುಕ್ತ. ಆಲಂಕಾರಿಕರು ಅಶ್ಲೀಲವೆಂಬ ದೋಷವನ್ನು ಮೂರಾಗಿ ವಿಂಗಡಿಸಿದ್ದಾರೆ: ವ್ರೀಡೆ ಅಥವಾ ನಾಚಿಕೆಯನ್ನುಂಟುಮಾಡುವುದು, ಜುಗುಪ್ಸೆಯನ್ನುಂಟುಮಾಡುವುದು, ಅಮಂಗಳವನ್ನು ಸೂಚಿಸುವುದು. ಮೊಲೆ ಎಂಬ ಪದಕ್ಕೆ ಇಂದು ಅಂಟಿಸಲಾಗಿರುವ ದೋಷ ಮೊದಲನೆಯದು. ಅದನ್ನು ತಪ್ಪಿಸಲು ಹೊರಟ ಮುದ್ದುಮಾತು ಎರಡನೆಯದಕ್ಕೆ ಸಿಕ್ಕಿಬೀಳುತ್ತದೆ. ನಾಚಿಕೆ ಕಳೆಯಲೆಂದು ಬಂದ ಪದ ಹೇಸಿಕೆ ಹುಟ್ಟಿಸುವುದು ಹೇಗೆ? ಕ್ಷೇಮೇಂದ್ರ ಹನ್ನೊಂದನೆಯ ಶತಮಾನದಲ್ಲಿ ಪ್ರತಿಪಾದಿಸಿದ ಔಚಿತ್ಯ ವಿಚಾರದಲ್ಲಿ ಇದಕ್ಕೆ ಉತ್ತರವಿದೆ. ಸ್ಥಾನ ತಪ್ಪಿದ ಆಭರಣ ನಗೆಗೀಡಾಗುವಂತೆ ಸ್ಥಾನ ತಪ್ಪಿದ ಮಾತೂ ನಗೆಗೀಡಾಗುತ್ತದೆ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (1953)ಯ ಮೂಲಕ ಕನ್ನಡ ವಿದ್ಯಾರ್ಥಿಗಳಿಗೆ ಪರಿಚಿತವಾದ ಈ ತತ್ತ್ವವನ್ನು ಕಾವ್ಯದಿಂದ ಆಚೆಗೂ ಒಯ್ಯಬಹುದು. ಬಾಲಭಾಷೆಯ ಸ್ಥಾನ ತಾಯಿ ಮಗುವಿನ ನಡುವಣ ಜಾಗ. ಮೂರನೆಯವರು ಅದನ್ನು ಎತ್ತಿಕೊಂಡು ತಾಯಿಯತ್ತ ತಿರುಗಿಸಿದಾಗ, ಅವರು ತಮಗೆ ಸಲ್ಲದ ಸಲಿಗೆಯನ್ನು ತೆಗೆದುಕೊಂಡಂತಾಗುತ್ತದೆ. ಆಗ ಹುಟ್ಟುವ ಹೇಸಿಕೆಗೆ ಕಾರಣ ಆ ಸಲಿಗೆ. ದೇಹವೂ ಅಲ್ಲ, ಹಾಲೂ ಅಲ್ಲ.

ಇದು ಬಾಣಂತಿಗೆ ಮಾತ್ರ ಸೀಮಿತವಾದ ಅನುಭವವಲ್ಲ. ಲಿಂಡಾ ಕಪೋರೇಲ್ 1981ರಲ್ಲಿ ಪ್ರಕಟಿಸಿದ ಅಧ್ಯಯನವು ಅಮೆರಿಕದ ವೃದ್ಧಾಶ್ರಮವೊಂದರ ಆರೈಕೆದಾರರು ವೃದ್ಧರೊಡನೆ ಮಕ್ಕಳೊಡನೆ ಆಡುವ ಧಾಟಿಯಲ್ಲಿ ಮಾತನಾಡುವುದನ್ನು ಗುರುತಿಸಿತು. ಆಸ್ಪತ್ರೆಯ ಹಾಸಿಗೆಯಲ್ಲಿರುವ ಬಾಣಂತಿಯೂ ಅಂಥದೇ ಸ್ಥಿತಿಯಲ್ಲಿರುತ್ತಾಳೆ: ಆರೈಕೆಗೆ ಒಳಗಾದವಳು, ಎದುರಾಡಲು ಆಗದವಳು. ಮುದ್ದುಮಾತಿನ ಪರವಾಗಿಯೂ ಒಂದು ಮಾತನ್ನು ಹೇಳಬೇಕು. ಹೊಸದಾಗಿ ತಾಯಿಯಾದ ಹದಿಹರೆಯ ಮುಗಿಯದ ಹುಡುಗಿಗೆ ನೇರ ಪದ ಬಾಯಿಗೆ ಬಾರದಿದ್ದಾಗ ಅಮ್ಮಿಯೋ ದುದ್ದುವೋ ಒಂದು ಆಸರೆಯಾಗುತ್ತದೆ. ಮಗುವಿನ ನೆಪದಲ್ಲಿ ತನ್ನ ಮಾತನ್ನು ಅವಳು ಹೇಳಿಕೊಳ್ಳುತ್ತಾಳೆ. ಆ ಆಸರೆಯನ್ನು ಅವಳಿಂದ ಕಿತ್ತುಕೊಳ್ಳುವ ಅಧಿಕಾರ ಯಾವ ವಿಮರ್ಶಕನಿಗೂ ಇಲ್ಲ. ಆದರೆ ಪದವನ್ನು ಅವಳು ಆರಿಸಿಕೊಳ್ಳುವುದು ಬೇರೆ, ಅವಳ ಮೇಲೆ ಹೇರುವುದು ಬೇರೆ. ಸರಕಾರಿ ಯೋಜನೆಗಳ ಹೆಸರುಗಳೂ ಈ ಮೋಹದಿಂದ ಮುಕ್ತವಾಗಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2016ರ ಆಗಸ್ಟ್‌ನಲ್ಲಿ ಆರಂಭಿಸಿದ ಹಾಲೂಡುವಿಕೆಯ ಕಾರ್ಯಕ್ರಮದ ಹೆಸರು ‘ಮಾ’. ‘ಮದರ್ಸ್ ಅಬ್ಸಲ್ಯೂಟ್ ಅಫೆಕ್ಷನ್’ ಎಂಬ ಇಂಗ್ಲಿಷ್ ನುಡಿಗಟ್ಟಿನ ಮೊದಲಕ್ಷರಗಳಿಂದ ಅದನ್ನು ಹೊಸೆಯಲಾಗಿದೆ. ತಾಯಿಯ ಪರಿಪೂರ್ಣ ಪ್ರೀತಿ ಎಂಬ ಆ ಹೆಸರಿನಲ್ಲಿ ಹಾಲಿನ ಪ್ರಸ್ತಾಪವೇ ಇಲ್ಲ. ಹಾಲು ಇಳಿಯದೆ ಕಂಗಾಲಾದ ತಾಯಿ ಈ ಹೆಸರನ್ನು ಹೇಗೆ ಓದಿಕೊಳ್ಳಬೇಕು?

ಮುದ್ದಿಗೆ ಪ್ರತಿಯಾಗಿ ಆಡಳಿತ ಕನ್ನಡ ಹಿಡಿದಿರುವ ದಾರಿ ‘ಸ್ತನ್ಯಪಾನ’. ಪ್ರತಿವರ್ಷ ಆಗಸ್ಟ್ 1ರಿಂದ 7ರವರೆಗೆ ನಡೆಯುವ ವಿಶ್ವ ಸಪ್ತಾಹದ ಫಲಕಗಳಲ್ಲಿ ಈ ಪದ ರಾರಾಜಿಸುತ್ತದೆ. ಪದ ಗಂಭೀರವಾಗಿದೆ, ಶುದ್ಧವಾಗಿದೆ. ದೋಷವಿರುವುದು ಅದರ ವ್ಯಾಕರಣದಲ್ಲಿ. ಪಾನ ಎಂದರೆ ಕುಡಿಯುವುದು, ಕುಡಿಯುವವನು ಮಗು. ಶ್ರಮಪಡುವ ತಾಯಿ ಈ ಸಮಾಸದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅವಳನ್ನು ತರಬೇಕಾದರೆ ‘ಸ್ತನ್ಯಪಾನ ಮಾಡಿಸುವುದು’ ಎಂದು ಬಾಲ ಜೋಡಿಸಬೇಕು. ಕನ್ನಡದ ‘ಊಡು’ ಎಂಬ ಕ್ರಿಯಾಪದ ಉಣ್ ಧಾತುವಿನ ಪ್ರೇರಣಾರ್ಥಕ. ಮೊಲೆಯೂಡು, ಹಾಲೂಡು ಎಂದೊಡನೆ ಉಣಿಸುವವಳು ಕರ್ತೃವಾಗಿ ನಿಲ್ಲುತ್ತಾಳೆ. ಇದೇ ಧಾತುವನ್ನು ಹಿಡಿದ ಮಲಯಾಳದಲ್ಲಿ ‘ಮುಲಯೂಟ್ಟಲ್’ ಎಂಬುದು ಆಸ್ಪತ್ರೆ, ಪತ್ರಿಕೆ, ಸರಕಾರಗಳ ಅಂಗೀಕೃತ ಪದ. ತಮಿಳುನಾಡು ಸರಕಾರ 2015ರಲ್ಲಿ ಬಸ್ ನಿಲ್ದಾಣಗಳಲ್ಲಿ ತಾಯಂದಿರಿಗೆ ಕೊಠಡಿಗಳನ್ನು ತೆರೆದಾಗ ಅವುಗಳ ಹೆಸರಿಗೆ ಬಂದದ್ದು ‘ಪಾಲೂಟ್ಟುಂ’ ಎಂಬ ಕ್ರಿಯಾರೂಪ. ಮೊಲೆಯೂಡು ಎಂಬುದು ಕನ್ನಡದಲ್ಲಿ ಗ್ರಾಮ್ಯವೆನಿಸಿ ಅದರ ಸೋದರಪದ ಕೇರಳದಲ್ಲಿ ಶಿಷ್ಟವೆನಿಸುವುದನ್ನು ನೋಡಿದಾಗ, ಗ್ರಾಮ್ಯತೆ ಪದಕ್ಕೆ ಅಂತರ್ಗತವಾದ ಗುಣವಲ್ಲವೆಂಬುದಕ್ಕೆ ಬೇರೆ ಪ್ರಮಾಣ ಬೇಕಾಗುವುದಿಲ್ಲ.

ಇವೆಲ್ಲಕ್ಕಿಂತ ಗಂಭೀರವಾದ ತೊಡಕು ‘ಹಾಲು’ ಎಂಬ ಒಂಟಿ ಪದದಲ್ಲಿದೆ. ನಾಚಿಕೆಯ ಕಾರಣದಿಂದ ಮೊಲೆಯನ್ನು ಬಿಟ್ಟು ಹಾಲನ್ನಷ್ಟೇ ಉಳಿಸಿಕೊಂಡ ಮಾತಿಗೆ ತಾಯಿಯ ಹಾಲು, ಆಕಳ ಹಾಲು, ಎಮ್ಮೆಯ ಹಾಲು, ಡಬ್ಬಿಯ ಪುಡಿ ಕದಡಿದ ಹಾಲು ಎಲ್ಲವೂ ಒಂದೇ. ಮನೆಯವರ ನಡುವೆ ಇದು ತೊಂದರೆಯಲ್ಲ. ಸಂದರ್ಭವೇ ಅರ್ಥವನ್ನು ನಿರ್ಧರಿಸುತ್ತದೆ. ಹೊರಗಿನಿಂದ ಬಂದು ಕೇಳುವ ಆರೋಗ್ಯ ಕಾರ್ಯಕರ್ತೆಗೆ ಆ ಸಂದರ್ಭದ ನೆರವಿಲ್ಲ. ಮೊದಲ ಆರು ತಿಂಗಳು ಕೂಸಿಗೆ ತಾಯಿಯ ಹಾಲನ್ನು ಬಿಟ್ಟು ನೀರನ್ನೂ ಕೊಡಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆ 2001ರಿಂದ ಮುಂದಿಟ್ಟಿರುವ ನಿಯಮ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಆರು ತಿಂಗಳೊಳಗಿನ ಕೂಸುಗಳಲ್ಲಿ ತಾಯಿಯ ಹಾಲನ್ನು ಮಾತ್ರ ಪಡೆಯುವವು ಶೇ. 63.7, ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಯುಂಡವು ಶೇ. 41.8. ಇಂಥ ಅಂಕಿಗಳೆಲ್ಲ ಕೊನೆಗೆ ನಿಂತಿರುವುದು ಒಂದು ಪ್ರಶ್ನೆಯ ಮೇಲೆ, ಒಂದು ಉತ್ತರದ ಮೇಲೆ. ‘ಹಾಲು ಅಷ್ಟ ಕುಡಿಸ್ತೀಯೇನವಾ?’ ಎಂದು ಕೇಳಿದರೆ, ಸಂಜೆಗೊಮ್ಮೆ ಆಕಳ ಹಾಲು ಹಾಕುವ ತಾಯಿಯೂ ಹೂಂ ಎನ್ನಬಹುದು. ಅವಳು ಸುಳ್ಳು ಹೇಳಿದಂತಾಗುವುದಿಲ್ಲ. ಮರಾಠಿ ಈ ವಿಷಯದಲ್ಲಿ ಜಾಣತನ ತೋರಿದೆ. ಮೈಮೇಲಿನ ಹಾಲು ಎಂಬರ್ಥದ ‘ಅಂಗಾವರಚೆ ದೂಧ’ ತಾಯಿಯದು, ಮೇಲಿನ ಹಾಲು ಎಂಬರ್ಥದ ‘ವರಚೆ ದೂಧ’ ಹೊರಗಿನದು. ಎರಡರಲ್ಲಿಯೂ ಮೊಲೆಯ ಹೆಸರಿಲ್ಲ, ಆದರೂ ಅರ್ಥ ಕಲಸುವುದಿಲ್ಲ. ಸಂಕೋಚವನ್ನು ಕಾಯ್ದುಕೊಂಡೇ ಸ್ಪಷ್ಟವಾಗಿರಲು ಸಾಧ್ಯವೆಂಬುದಕ್ಕೆ ಇದೊಂದು ಮೇಲ್ಪಂಕ್ತಿ.

ಪದಕ್ಕೆ ಇಂಥ ಶಕ್ತಿಯಿರುವುದನ್ನು ಕಾನೂನೂ ಗುರುತಿಸಿದೆ. 1992ರ ಶಿಶು ಹಾಲಿನ ಬದಲಿಗಳ ಕಾಯಿದೆಯು ಹಾಲಿನ ಪುಡಿಯ ಡಬ್ಬಿಯ ಮೇಲೆ ತಾಯಿಯ ಅಥವಾ ಕೂಸಿನ ಚಿತ್ರವನ್ನು ನಿಷೇಧಿಸಿತು. ತಾಯಿಯ ಹಾಲೇ ಮಗುವಿಗೆ ಶ್ರೇಷ್ಠವೆಂದು ಎದ್ದು ಕಾಣುವಂತೆ ಬರೆಯುವುದನ್ನು ಕಡ್ಡಾಯ ಮಾಡಿತು. ಅಷ್ಟೇ ಅಲ್ಲ, ಆ ಪುಡಿಯನ್ನು ಮಾನವೀಕರಿಸಿದ್ದು, ಮಾತೃತ್ವ ತುಂಬಿದ್ದು ಎಂಬರ್ಥ ಕೊಡುವ ಇಂಗ್ಲಿಷ್ ವಿಶೇಷಣಗಳನ್ನು, ಅವುಗಳನ್ನು ಹೋಲುವ ಪದಗಳನ್ನು ಬಳಸಕೂಡದೆಂದೂ ವಿಧಿಸಿತು. ವ್ಯಾಪಾರಿಗೆ ತಾಯ್ತನದ ಮಾತನ್ನು ಎರವಲು ಪಡೆಯುವ ಹಕ್ಕಿಲ್ಲವೆಂಬುದು ಇದರ ತಾತ್ಪರ್ಯ. ಡಬ್ಬಿಯ ಹಾಲನ್ನೂ ಎದೆಯ ಹಾಲನ್ನೂ ಒಂದೇ ಮುದ್ದಿನ ಪದದಲ್ಲಿ ಕರೆಯುವ ಮನೆಮಾತು ಆ ಹಕ್ಕನ್ನು ತಿಳಿಯದೆಯೇ ಬಿಟ್ಟುಕೊಡುತ್ತದೆ.

ಮನೆಯ ಪದಗಳೆಲ್ಲ ತ್ಯಾಜ್ಯವೆಂದು ಇದರಿಂದ ಭಾವಿಸಬೇಕಾಗಿಲ್ಲ. ಹೆರಿಗೆಯ ಮೊದಲ ದಿನಗಳ ಹಳದಿ ಬಣ್ಣದ ದಪ್ಪ ಹಾಲನ್ನು ಹಿಂಡಿ ಚೆಲ್ಲಿ, ಕೂಸಿಗೆ ಬೆಲ್ಲದ ನೀರನ್ನೋ ಜೇನನ್ನೋ ನೆಕ್ಕಿಸುವ ರೂಢಿ ಅನೇಕ ಕಡೆಗಳಲ್ಲಿತ್ತು. ಆ ಹಾಲಿಗೆ ವೈದ್ಯಕೀಯ ಹೆಸರನ್ನು ಹೇಳಿ ಅದರ ಗುಣವನ್ನು ಮನವರಿಕೆ ಮಾಡುವುದು ಕಷ್ಟ. ‘ಗಿಣ್ಣ’ ಎಂದರೆ ಸಾಕು. ಕರು ಹಾಕಿದ ಆಕಳಿನ ಗಿಣ್ಣದ ಹಾಲಿಗೆ ರಬಕವಿಯ ಮನೆಗಳಲ್ಲಿ ಇರುವ ಬೆಲೆ ಏನೆಂದು ಎಲ್ಲರಿಗೂ ಗೊತ್ತು; ಅದನ್ನು ಬೆಲ್ಲ ಹಾಕಿ ಕಾಯಿಸಿ ನೆರೆಮನೆಗೂ ಹಂಚುತ್ತಾರೆ, ಚೆಲ್ಲುವುದಿಲ್ಲ. ತಾಯಿಯ ಮೊದಲ ಹಾಲೂ ಗಿಣ್ಣವೇ ಎಂದೊಡನೆ ಆ ಬೆಲೆ ಅದಕ್ಕೆ ವರ್ಗವಾಗುತ್ತದೆ. ಈ ಪದ ಆಪ್ತವಾಗಿದೆ, ಆದರೆ ಯಾರನ್ನೂ ಕೂಸು ಮಾಡುವುದಿಲ್ಲ. ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಸೇತುವೆ ಕಟ್ಟುತ್ತದೆ.

ಮೊಲೆಗೆ ತಗುಲಿದ ಕಳಂಕ ಒಂದು ತಲೆಮಾರಿನಲ್ಲಿ ತೊಳೆದುಹೋಗುವ ಲಕ್ಷಣವಿಲ್ಲ. ಅಲ್ಲಿಯವರೆಗೆ ‘ಎದೆಹಾಲು’ ನಡುದಾರಿಯಾಗಿ ಒದಗಿಬಂದಿದೆ. ಎದೆ ಗಂಡಿಗೂ ಇದೆ, ಹೆಣ್ಣಿಗೂ ಇದೆ. ಧೈರ್ಯಕ್ಕೂ ಅದೇ ಪದ, ಅಂತಃಕರಣಕ್ಕೂ ಅದೇ. ತಾಯಿಯ ಹಾಲು ಕುಡಿದವನಾದರೆ ಬಾ ಎಂದು ಸವಾಲು ಹಾಕುವ ಗಂಡಸಿನ ಬಾಯಲ್ಲಿಯೂ ಅದು ತೊದಲುವುದಿಲ್ಲ. ಪತ್ರಿಕೆಗಳಲ್ಲಿ, ಆಸ್ಪತ್ರೆಗಳಲ್ಲಿ ಅದು ನೆಲೆಯೂರಿದೆ. ರಬಕವಿಯಲ್ಲಿ ‘ಎದಿಹಾಲು’ ಎಂದರೆ ಅರ್ಥವಾಗದವರಿಲ್ಲ. ಮನೆಬಾಗಿಲಿಗೆ ಬಂದ ಕಾರ್ಯಕರ್ತೆ ಬಾಣಂತಿಯನ್ನು ಕೇಳಬೇಕಾದ ಪ್ರಶ್ನೆಯನ್ನು ಈ ಭಾಗದ ಮಾತಿನಲ್ಲಿಯೇ ಹೀಗೆ ಇಡಬಹುದು: ‘ತಂಗೀ, ಕೂಸಿಗೆ ನಿನ್ನ ಎದಿಹಾಲು ಅಷ್ಟ ಕುಡಸ್ತೀಯೋ, ಆಕಳ ಹಾಲು, ಡಬ್ಬಿ ಹಾಲು, ನೀರು ಏನರ ಹಾಕ್ತೀಯೋ?’ ಇದರಲ್ಲಿ ನಾಚುವಂಥದು ಏನೂ ಇಲ್ಲ. ಅಡ್ಡಡ್ಡ ಉತ್ತರಕ್ಕೆ ಎಡೆಯೂ ಇಲ್ಲ.